ಮಾಟುಂಗದ ಪುಟ್ಟ ಹೋಟೆಲಿಗೆ ಗ್ರೂಪ್ ಆರೋಗ್ಯ ವಿಮೆ ಪಾಲಿಸಿಯೋ, ಒಬ್ಬೊಬ್ಬರದೋ?

ಮುಂಬೈಯಲ್ಲಿ ಹತ್ತು ಜನರ ಹೋಟೆಲ್ ನಡೆಸುವ ನಮ್ಮೂರಿನವರು ಇದನ್ನೇ ಕೇಳುತ್ತಾರೆ. ದೋಸೆ ಕಾವಲಿ ಮುಂದೆ ನಿಲ್ಲುವ ಹುಡುಗನಿಗೆ ಆಗಲೇ ಸಕ್ಕರೆ ಕಾಯಿಲೆ ಇದೆಯಾ? ಹಾಗಾದರೆ ಗ್ರೂಪ್ ಪಾಲಿಸಿಯೇ ಸರಿ. ಅದರಲ್ಲಿ ಹಳೆಯ ಕಾಯಿಲೆಗೂ ಸಾಮಾನ್ಯವಾಗಿ ಮೊದಲ ದಿನದಿಂದಲೇ ಖರ್ಚು ಸಿಗುತ್ತದೆ. ಹಾಗಂತ ಬರೆದಿದೆಯಾ, ಸಹಿಗೆ ಮೊದಲೇ ಓದಿ. ಒಬ್ಬೊಬ್ಬರ ಪಾಲಿಸಿಯಲ್ಲಿ 2024ರ ನಿಯಮದಂತೆ 36 ತಿಂಗಳವರೆಗೂ ಕಾಯಿಸಬಹುದು. ಅಲ್ಲಿವರೆಗೆ ಅವನೇನು ಮಾಡಬೇಕು?

ಆದರೆ ಕೆಲಸ ಬಿಟ್ಟರೆ ಗ್ರೂಪ್ ರಕ್ಷಣೆ ಮುಗಿಯುತ್ತದೆ. ಸ್ವಂತ ಪಾಲಿಸಿ ಊರಿಗೂ ಜೊತೆಗೇ ಬರುತ್ತದೆ. ಕೆಲಸ ಬಿಡುವಾಗ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಗಲು ಅವಕಾಶವಿದೆ. ಹುಡುಗರಿಗೆ ಇದನ್ನು ದಯವಿಟ್ಟು ಹೇಳಿ.

ನಿಮ್ಮ ಹೋಟೆಲ್ ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಗೆ ಬಂದರೆ, ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ಅದು ಕಡ್ಡಾಯ. ಸಂಬಳದಲ್ಲಿ ನಿಮ್ಮ ಪಾಲು ಶೇ 3.25, ಅವರದು ಶೇ 0.75. ಗ್ರೂಪ್ ಪಾಲಿಸಿ ಇದೆ ಅಂತ ಬಿಡುವಂತಿಲ್ಲ.