ಅಂಬಾಸಿಡರ್‌ಗೆ ಸೂಪರ್‌ಚಾರ್ಜರ್: ಖುಷಿ ದೊಡ್ಡದು, ಬೆಲ್ಟಿನ ಕಾಟವೂ ಅಷ್ಟೇ

ಮೊದಲೇ ಹೇಳಿಬಿಡುತ್ತೇನೆ, ಸೂಪರ್‌ಚಾರ್ಜರ್, ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಬ್ಲೋವರ್, ಹಾಕಿಸಿದ ಮಾತ್ರಕ್ಕೆ ಅಂಬಾಸಿಡರ್ ರೇಸ್ ಕಾರ್ ಆಗುವುದಿಲ್ಲ. ನನ್ನದು 1972ರ ಮಾರ್ಕ್ 2, ಅದೇ 1489 ಸಿಸಿ ಪೆಟ್ರೋಲ್ ಎಂಜಿನ್. ಅದಕ್ಕೆ ಜಪಾನಿನ ಸೆಕೆಂಡ್ ಹ್ಯಾಂಡ್ ಐಸಿನ್ ಎಎಂಆರ್500 ಬ್ಲೋವರ್ ಕೂರಿಸಿದ್ದೇನೆ. ಸೂಪರ್‌ಚಾರ್ಜರ್ ಅಂದ ತಕ್ಷಣ ಗೆಳೆಯರು ಬ್ಲೋವರ್ ಬಾನೆಟ್ ಸೀಳಿಕೊಂಡು ಮೇಲೆ ಬಂದಿರುವ ಅಮೆರಿಕದ ಹಾಟ್ ರಾಡ್ (ವೇಗಕ್ಕಾಗಿ ಮಾರ್ಪಡಿಸಿದ ಹಳೆ ಕಾರು) ನೆನೆಸಿಕೊಂಡು ಬರುತ್ತಾರೆ. ಆ 6-71 ಬ್ಲೋವರ್ ಹುಟ್ಟಿದ್ದು ಜನರಲ್ ಮೋಟಾರ್ಸ್‌ನ ಟೂ-ಸ್ಟ್ರೋಕ್ ಡೀಸೆಲ್ ಎಂಜಿನ್‌ಗಾಗಿ, ಆರು ಸಿಲಿಂಡರ್, ಒಂದೊಂದೂ 71 ಘನ ಇಂಚು, ಆ ಹೆಸರು ಬಂದದ್ದೂ ಅದರಿಂದಲೇ. ನನ್ನದು ಬಾನೆಟ್ ಒಳಗೇ ಮುಚ್ಚಿಹೋಗುತ್ತದೆ. ಬಂದವರು ಸ್ವಲ್ಪ ಬೇಜಾರು ಮಾಡಿಕೊಂಡೇ ಹೋಗುತ್ತಾರೆ.

ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಮ್ಮ ಹೊಸೂರಿನಿಂದ ಕೃಷ್ಣಗಿರಿಗೆ ಹೋಗಿ ವಾಪಸ್ ಬರಬೇಕು. ಶೂಳಗಿರಿ ಏರಿನಲ್ಲಿ ಮೊದಲೆಲ್ಲ ಥರ್ಡ್ ಗೇರಿಗೆ ಇಳಿಸಿ, ಲಾರಿಯ ಹಿಂದೆ ಸಿಕ್ಕಿಕೊಂಡು, ಬೈದುಕೊಂಡು ಬರುತ್ತಿದ್ದೆ. ಈಗ ಟಾಪ್ ಗೇರಿನಲ್ಲೇ ಹತ್ತುತ್ತದೆ. ಕಾಲಿಟ್ಟ ತಕ್ಷಣ ಪಿಕಪ್, ಹೊಗೆಯ ಒತ್ತಡದಲ್ಲಿ ತಿರುಗುವ ಟರ್ಬೋ ಥರ ಕಾಯುವ ಮಾತೇ ಇಲ್ಲ, ಯಾಕೆಂದರೆ ಬ್ಲೋವರನ್ನು ತಿರುಗಿಸುವುದು ಎಂಜಿನ್ನಿನ ಮುಖ್ಯ ಅಕ್ಷವಾದ ಕ್ರ್ಯಾಂಕ್‌ನ ಬೆಲ್ಟೇ. ಹೊಸೂರು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿ ಚೆನ್ನೈಗಿಂತ ಶೇ. 10ರಷ್ಟು ತೆಳು. ಮೇಲಾಗಿ ಈ ಎಂಜಿನ್ನಿನ ಹೆಡ್‌ನಲ್ಲಿ (ಸಿಲಿಂಡರುಗಳ ಮೇಲಿನ ಮುಚ್ಚಳ) ನಾಲ್ಕು ಸಿಲಿಂಡರಿಗೆ ಗಾಳಿ ಒಳಬರುವ ದಾರಿ ಎರಡೇ. ಮೊದಲೇ ಉಸಿರು ಕಟ್ಟಿದ ಎಂಜಿನ್, ಅದಕ್ಕೆ ಆರು ಪಿಎಸ್‌ಐ ಬೂಸ್ಟ್ (ಬ್ಲೋವರಿನ ಹೆಚ್ಚುವರಿ ಗಾಳಿಯೊತ್ತಡ) ಕೊಟ್ಟರೂ ಮಾತು ಕೇಳುತ್ತದೆ. ಹಳೆಯ ಕಾಲದ ಕಡಿಮೆ ಕಂಪ್ರೆಷನ್ (ಸಿಲಿಂಡರಿನೊಳಗೆ ಮಿಶ್ರಣವನ್ನು ಒತ್ತುವ ಪ್ರಮಾಣ) ಇರುವುದರಿಂದ ಅಷ್ಟನ್ನು ತಡೆದುಕೊಳ್ಳುತ್ತದೆ ಕೂಡ.

ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡೇ ಬಾನೆಟ್ ಎತ್ತುತ್ತೇನೆ. ಬೆಲ್ಟಿನ ಉದ್ದನೆಯ ಭಾಗವನ್ನು ಎರಡು ಬೆರಳಲ್ಲಿ ಹಿಡಿದು ತಿರುಚುತ್ತೇನೆ, ಕಾಲು ಸುತ್ತು ಬಂದರೆ ಸರಿ, ಅದಕ್ಕಿಂತ ಜಾಸ್ತಿ ಬಂದರೆ ಸಡಿಲ. ಆಮೇಲೆ ಪುಲ್ಲಿಯ ಹಿಂದೆ ಕರಿ ಪುಡಿ ಬಿದ್ದಿದೆಯಾ ಅಂತ ಬೆರಳಾಡಿಸಿ ನೋಡುತ್ತೇನೆ. ಸ್ಟಾರ್ಟ್ ಮಾಡಿದಾಗ ಬ್ಲೋವರ್ ಗೇರಿನ ಸಣ್ಣ ಕುಯ್ಯ್ ಸದ್ದು ಬರುತ್ತದಲ್ಲ, ಅದನ್ನು ಕೇಳಲಿಕ್ಕೇ ಒಂದು ನಿಮಿಷ ಸುಮ್ನೆ ನಿಲ್ಲುತ್ತೇನೆ. ಇದಕ್ಕೆ ಮನೆಯಲ್ಲಿ ನಗುತ್ತಾರೆ, ನಗಲಿ.

ಇನ್ನು ಬೆಲ್ಟಿನ ಪುರಾಣ. ಶುರುವಿನಲ್ಲಿ ಹಾಕಿದ್ದ ವಿ-ಬೆಲ್ಟ್ ಮಳೆ ಬಂದರೆ ಕಿರುಚುತ್ತಿತ್ತು, ಬಿಸಿಲಿಗೆ ಜಾರುತ್ತಿತ್ತು. ಜಾರಿದಾಗ ಬೂಸ್ಟ್ ಮೀಟರಿನ ಮುಳ್ಳು ಮೇಲೆ ಹೋಗಿ ಅಲ್ಲೇ ನಡುಗುತ್ತಾ ಕೆಳಗೆ ಬೀಳುತ್ತದೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಆರು ಗೆರೆಯ ಬೆಲ್ಟಿಗೆ ಬದಲಾಯಿಸಿದೆ, ಆಗಲೂ ಅಂಚು ಸವೆದು ನೂಲು ಕಿತ್ತು ಬರುತ್ತಿತ್ತು. ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಡೆಯ ಒಬ್ಬ ಲೇತ್ ಮೇಸ್ತ್ರಿ ಎರಡು ಪುಲ್ಲಿಗಳಿಗೂ ಉಕ್ಕಿನ ಪಟ್ಟಿ ಅಡ್ಡ ಹಿಡಿದು ನೋಡಿದ. ಬ್ಲೋವರ್ ಪುಲ್ಲಿ ಎರಡು ಮಿಲಿಮೀಟರಿನಷ್ಟು ಹೊರಗಿತ್ತು. ಅಷ್ಟೇ ಅಲ್ಲ, ಪುಲ್ಲಿ ಚಿಕ್ಕದು, ಬೆಲ್ಟ್ ಅದನ್ನು ಅರ್ಧ ಸುತ್ತೂ ತಬ್ಬುತ್ತಿರಲಿಲ್ಲ. ಅವನು ಬ್ರಾಕೆಟ್ ತರಿದು, ಬೆಲ್ಟನ್ನು ಒತ್ತಿ ಹಿಡಿಯುವ ಒಂದು ಐಡ್ಲರ್ ಪುಲ್ಲಿ ಸೇರಿಸಿದ ಮೇಲೆ ಜಾರುವುದು ನಿಂತಿತು. ಆದರೂ ಡೆಂಕಣಿಕೋಟೆಯಿಂದ ಅಂಚೆಟ್ಟಿಗೆ ಹೋಗುವ ಧೂಳಿನಲ್ಲಿ ಒಮ್ಮೆ ಹರಿದೇ ಹೋಯಿತು, ಅದೂ ಸಂಜೆ ಹೊತ್ತು, ಆನೆ ಓಡಾಡುವ ರಸ್ತೆ. ಬೆಲ್ಟ್ ಇಲ್ಲದಿದ್ದರೂ ಗಾಡಿ ಓಡುತ್ತದೆ, ಎಂಜಿನ್ ಬ್ಲೋವರಿನ ಮೂಲಕವೇ ಗಾಳಿ ಎಳೆದುಕೊಳ್ಳಬೇಕು ಅಷ್ಟೇ, ಏರಿನಲ್ಲಿ ಇಳಿದು ತಳ್ಳೋಣವಾ ಅನ್ನಿಸುತ್ತದೆ. ಈಗ ಡಿಕ್ಕಿಯಲ್ಲಿ ಸ್ಟೆಪ್ನಿ ಜೊತೆ ಬೆಲ್ಟೂ ಇರುತ್ತದೆ.

ಪೆಟ್ರೋಲ್ ಇನ್ನೊಂದು ತಲೆನೋವು. ಇ20, ಅಂದರೆ ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್, ಬಂದ ಮೇಲೆ ಹಳೆಯ ರಬ್ಬರ್ ಪೈಪುಗಳನ್ನೆಲ್ಲ ಬದಲಾಯಿಸಬೇಕಾಯಿತು. ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಗಾಳಿ-ಪೆಟ್ರೋಲ್ ಮಿಕ್ಸ್ಚರ್ ತೆಳುವಾಗುತ್ತದೆ. ಮಾಮೂಲಿ ಎಂಜಿನ್ನಿಗೆ ಅದು ಸಣ್ಣ ವಿಷಯ, ಬೂಸ್ಟ್ ಇರುವ ಎಂಜಿನ್ನಿಗೆ ಪಿಸ್ಟನ್ ತೂತಾಗುವ ವಿಷಯ. ಎಸ್‌ಯು ಕಾರ್ಬುರೇಟರಿಗೆ ಹೆಚ್ಚು ಪೆಟ್ರೋಲ್ ಬಿಡುವ ನೀಡಲ್ ಹಾಕಿಸಿ, ಪ್ಲಗ್ ಕಿಡಿಯ ಟೈಮಿಂಗ್ ಹಿಂದಕ್ಕೆ ತಂದಿದ್ದೇನೆ. ಪ್ಲಗ್ ಬಿಚ್ಚಿದರೆ ತುದಿ ತಿಳಿ ಕಂದು ಇರಬೇಕು. ಬಿಳಿಚಿಕೊಂಡಿದ್ದರೆ ಅವತ್ತು ಗಾಡಿ ತೆಗೆಯುವುದಿಲ್ಲ. ಮೈಲೇಜ್ ಕೇಳಬೇಡಿ. ಹತ್ತರ ಹತ್ತಿರ ಕೊಡುತ್ತಿದ್ದದ್ದು ಏಳಕ್ಕೆ ಬಂದಿದೆ.

ಎಣ್ಣೆ ಸೋರಿಕೆಯೂ ಜಾಸ್ತಿಯಾಯಿತು. ಈ ಎಂಜಿನ್ನಿಗೆ ಕ್ರ್ಯಾಂಕ್ ಹಿಂಬದಿಯಲ್ಲಿ ಸರಿಯಾದ ಸೀಲೇ ಇಲ್ಲ, ಎಣ್ಣೆಯನ್ನು ಒಳಕ್ಕೆ ತಿರುಗಿಸಿ ಕಳಿಸುವ ಸುರುಳಿ ಗೆರೆ ಮಾತ್ರ. ಒಳಗಿನ ಒತ್ತಡ ಏರಿದರೆ ಅದು ಸಾಕಾಗುವುದಿಲ್ಲ. ಅಮ್ಮ ರಂಗೋಲಿ ಹಾಕುವ ಜಾಗದಲ್ಲಿ ಗಾಡಿ ನಿಲ್ಲಿಸುವಂತಿಲ್ಲ ಅಂತ ಆರ್ಡರ್ ಆಗಿದೆ.

ನನಗೆ ನಿಜವಾಗಿ ಸಿಟ್ಟು ಬರುವುದು ಕಾಗದದ ವಿಷಯಕ್ಕೆ. 50 ವರ್ಷ ದಾಟಿದ ಗಾಡಿಗಳಿಗೆ 2021ರ ವಿಂಟೇಜ್ ನಿಯಮದಲ್ಲಿ ‘ವಿಎ’ ನಂಬರ್ ಸಿಗುತ್ತದೆ, ಆದರೆ ಎಂಜಿನ್, ಚಾಸಿ, ಬಾಡಿಯಲ್ಲಿ ದೊಡ್ಡ ಬದಲಾವಣೆ ಮಾಡಿರಬಾರದು. ಬ್ಲೋವರ್ ಇರುವವರೆಗೆ ನನಗೆ ಆ ಆಸೆ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನೂ ಕಂಪನಿಯ ಲೆಕ್ಕ ಬಿಟ್ಟು ಗಾಡಿ ಬದಲಾಯಿಸಲು ಬಿಡುವುದಿಲ್ಲ. ಎಂಜಿನ್ನಿಗೆ ಗಾಳಿ ಹಂಚುವ ಹಳೆ ಮ್ಯಾನಿಫೋಲ್ಡ್ ಪೈಪನ್ನು ಎಣ್ಣೆ ಸವರಿ ಅಟ್ಟದ ಮೇಲೆ ಇಟ್ಟಿದ್ದೇನೆ, ಇವತ್ತಲ್ಲ ನಾಳೆ ಅದನ್ನೇ ವಾಪಸ್ ಹಾಕಬೇಕಾಗಬಹುದು. ಹಾಗಾಗಿ ಹೆಡ್ಡನ್ನು ಕೊರೆಯಲು ಯಾರಿಗೂ ಬಿಟ್ಟಿಲ್ಲ.

ಕಾಗದದ ರಿಸ್ಕ್ ಗೊತ್ತಿದ್ದೂ ಹಾಕಿಸುತ್ತೀರಾ? ಒಳ್ಳೆಯ ಸ್ಕೂಟರ್ ಒಂದರ ದುಡ್ಡು ಕೈಯಲ್ಲಿರಬೇಕು, ಪರಿಚಯದ ಲೇತ್ ಶಾಪ್ ಹತ್ತಿರವಿರಬೇಕು. ಮೊದಲು ರೇಡಿಯೇಟರ್, ಆಮೇಲೆ ಬ್ರೇಕ್, ಕೊನೆಗೆ ಬ್ಲೋವರ್. ನಾಲ್ಕೂ ಚಕ್ರಕ್ಕೆ ಡ್ರಮ್ ಇರುವ ಗಾಡಿ ಇದು, ಓಡುವಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಮತ್ತೆ ಅಂಗಡಿಗೆ ಹೋಗಿ ಸುಮ್ನೆ ಅಂಬಾಸಿಡರ್ ಬೆಲ್ಟ್ ಅಂದರೆ ಫ್ಯಾನ್ ಬೆಲ್ಟೇ ಕೈಗೆ ಬರುತ್ತದೆ. ಗೆರೆ ಎಷ್ಟು, ಉದ್ದ ಎಷ್ಟು ಮಿಲಿಮೀಟರ್ ಅಂತ ಬರೆದುಕೊಂಡು ಹೋಗಿ, ಎರಡು ತನ್ನಿ.