ಅಲ್ಲಾಡುವ ಹಾಲೋ ಫೈಬರ್ ಮಾಡ್ಯೂಲ್: ಕೆಸರು ನೀರಿಗೆ ಸೈ, ಬಣ್ಣದ ನೀರಿಗೆ ಅಲ್ಲ

ಇಟಿಪಿ (ಕಾರ್ಖಾನೆಯ ಕೊಳಕು ನೀರು ಶುದ್ಧೀಕರಿಸುವ ಘಟಕ) ಟ್ಯಾಂಕಿನಲ್ಲಿ ಮುಳುಗಿಸಿಡುವ ಹಾಲೋ ಫೈಬರ್ ಮೆಂಬ್ರೇನಿಗೆ, ಅಂದರೆ ಮೈಯ ಸಣ್ಣ ರಂಧ್ರಗಳ ಮೂಲಕ ನೀರನ್ನು ಒಳಗೆಳೆದು ಸೋಸುವ ಟೊಳ್ಳು ನಾರುಗಳಿಗೆ, ಕೆಸರು ಮೆತ್ತದಿರಲೆಂದು ಸಾಮಾನ್ಯವಾಗಿ ಕೆಳಗಿಂದ ಬ್ಲೋವರ್ ಗಾಳಿ ಬಿಡುತ್ತಾರೆ. ಬೆಳಗಾವಿಯ ಉದ್ಯಮಬಾಗದ ಘಟಕವೊಂದರಲ್ಲಿ ಕೂರಿಸಿರುವ ಈ ಮಾಡ್ಯೂಲ್‌ನಲ್ಲಿ ಗಾಳಿಯ ಬದಲು ಫ್ರೇಮನ್ನೇ ಅಲ್ಲಾಡಿಸುತ್ತಾರೆ. ಅರ್ಧ ಎಚ್‌ಪಿ ಗೇರ್ ಮೋಟರ್, ಅದರ ವೇಗ ಬದಲಿಸುವ ವಿಎಫ್‌ಡಿ, ಅಲ್ಲಾಟದ ಅಗಲ ಆರಿಸಲು ಕ್ರ್ಯಾಂಕ್ ಡಿಸ್ಕಿನ ಮೇಲೆ ನಡುವಿನಿಂದ 5, 10, 15 ಮಿ.ಮೀ. ದೂರಕ್ಕೆ ಮೂರು ತೂತು. ಇಷ್ಟೇ ಸಾಮಾನು.

ತಯಾರಕರು ಮಾಡಿರುವ ಒಳ್ಳೆಯ ಕೆಲಸವೆಂದರೆ ನೇತುಬಿಟ್ಟ ಫೈಬರನ್ನು ಮೇಲೆ-ಕೆಳಗೆ ಎಳೆಯದೆ ಅಡ್ಡಕ್ಕೆ ಅಲ್ಲಾಡಿಸಿರುವುದು. ಉದ್ದಕ್ಕೆ ಅಲ್ಲಾಡಿಸಿದರೆ ಫೈಬರಿಗೆ ಅಂಟಿದ ತೆಳು ಪದರದಲ್ಲಷ್ಟೇ ನೀರು ಉಜ್ಜುತ್ತದೆ. 5 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಐದು ಅಲ್ಲಾಟದಲ್ಲಿ, ಆ ಪದರ ಸುಮಾರು ಕಾಲು ಮಿ.ಮೀ. ಮಾತ್ರ. ಅಡ್ಡಕ್ಕೆ ಅಲ್ಲಾಡಿಸಿದರೆ ಪ್ರತಿ ಫೈಬರಿನ ಹಿಂದೆಯೂ ಸುಳಿ ಏಳುತ್ತದೆ. ಮೈಗೆ ಒತ್ತಿಕೊಂಡಿದ್ದ ದಟ್ಟ ನೀರನ್ನು ಕಿತ್ತು ಟ್ಯಾಂಕಿನ ನೀರಿಗೆ ಬೆರೆಸುತ್ತದೆ. ಮಾಸ್ ಟ್ರಾನ್ಸ್‌ಫರ್ (ಈ ಬೆರೆಯುವಿಕೆ) ಸುಧಾರಿಸುವುದು ಇಲ್ಲಿಯೇ.

ಫೈಬರನ್ನು ಮಾತ್ರ ತಂತಿಯ ಹಾಗೆ ಬಿಗಿದು ಕಳಿಸುತ್ತಾರೆ. ಇದು ದೊಡ್ಡ ಕೊರತೆ. ಎರಡು ತುದಿಗಳ ನಡುವಿನ ಅಂತರಕ್ಕಿಂತ ಫೈಬರ್ ಶೇ. 1ರಿಂದ 2ರಷ್ಟು ಉದ್ದವಿರಬೇಕು, ಅಂದರೆ ಒಂದು ಮೀಟರಿಗೆ 1–2 ಸೆಂ.ಮೀ. ಸಡಿಲು. ಆಗ ಫ್ರೇಮಿನ ಚಲನೆಗೆ ಫೈಬರಿನ ಸ್ವಂತ ತೂಗಾಟವೂ ಸೇರುತ್ತದೆ. ಅದಕ್ಕಿಂತ ಹೆಚ್ಚು ಬಿಟ್ಟರೆ ಒಂದಕ್ಕೊಂದು ತಿಕ್ಕಿ ಮೈ ಸವೆಯುತ್ತದೆ, ಕೂದಲು ಸಿಕ್ಕಾದಂತೆ ಹೆಣೆದುಕೊಳ್ಳುತ್ತವೆ. ಆರ್ಡರ್ ಕೊಡುವಾಗಲೇ ಸಡಿಲು ಎಷ್ಟಿರಬೇಕೆಂದು ಬರೆಸಿಕೊಳ್ಳಿ. ಆಮೇಲೆ ಸರಿಪಡಿಸಲು ಬರುವುದಿಲ್ಲ.

ವಿಎಫ್‌ಡಿ ಇದೆಯೆಂದು ವೇಗ ಏರಿಸುತ್ತಾ ಹೋಗಬೇಡಿ. ವೇಗ ಇಮ್ಮಡಿಯಾದರೆ ಫೈಬರಿನ ಮೈಯುಜ್ಜುವಿಕೆ ಸುಮಾರು 2.8 ಪಟ್ಟಾಗುತ್ತದೆ, ನಿಜ; ಆದರೆ ಕ್ರ್ಯಾಂಕ್ ಬೇರಿಂಗಿಗೆ ಬೀಳುವ ಹೊಡೆತ ನಾಲ್ಕು ಪಟ್ಟು. 10 ಮಿ.ಮೀ. ತೂತಿನಲ್ಲಿ 3 ಹರ್ಟ್ಸ್‌ನಿಂದ, ಅಂದರೆ ನಿಮಿಷಕ್ಕೆ 180 ಸುತ್ತಿನಿಂದ ಆರಂಭಿಸಿ. ಹರಿವನ್ನು ಬದಲಿಸದೆ ಸಕ್ಷನ್ ಗೇಜ್ ನೋಡಿ. ಒತ್ತಡ ಏರುತ್ತಲೇ ಇದ್ದರೆ ಅರ್ಧ ಹರ್ಟ್ಸ್ ಹೆಚ್ಚಿಸಿ, ಏರದೆ ನಿಂತಲ್ಲಿಗೆ ಸಾಕು. 8–9 ನಿಮಿಷ ಎಳೆದು ಒಂದು ನಿಮಿಷ ಸಕ್ಷನ್ ನಿಲ್ಲಿಸಿ. ಅಲ್ಲಾಟ ಆ ಒಂದು ನಿಮಿಷವೂ ನಡೆಯುತ್ತಿರಲಿ. ಪದರ ಕಳಚುವುದು ಆಗಲೇ.

ಮುರಿಯುವುದು ಹೆಚ್ಚಾಗಿ ಬುಡದಲ್ಲಿ. ತುದಿಗಳನ್ನು ಹಿಡಿದಿಡುವ ಗಟ್ಟಿ ಎಪಾಕ್ಸಿ ಅಂಟಿನಿಂದ ಫೈಬರ್ ಹೊರಬರುವ ಜಾಗದಲ್ಲಿ ದಿನವಿಡೀ ಬಾಗಿ ಬಾಗಿ ಸೀಳು ಬಿಡುತ್ತದೆ. ಎಪಾಕ್ಸಿ ಮೇಲೆ ಮೆತ್ತನೆಯ ಪಾಲಿಯುರೆಥೇನ್ ಪದರ ಇದೆಯೇ ಎಂದು ಬೆರಳಿನಿಂದ ಒತ್ತಿ ನೋಡಿ, ಉಗುರು ಇಳಿಯಬೇಕು. ಸೋಸಿದ ನೀರು ಇದ್ದಕ್ಕಿದ್ದಂತೆ ಮಬ್ಬಾದರೆ ಮಾಡ್ಯೂಲನ್ನು ಶುದ್ಧ ನೀರಿನಲ್ಲಿ ಮುಳುಗಿಸಿ ಒಳಗಿನಿಂದ ಕಡಿಮೆ ಒತ್ತಡದ ಗಾಳಿ ಬಿಡಿ. ಗುಳ್ಳೆಗಳ ಸಾಲು ಎದ್ದ ಫೈಬರನ್ನು ಕತ್ತರಿಸಿ, ತುದಿಗೆ ಎಪಾಕ್ಸಿ ಹಾಕಿ ಮುಚ್ಚಿ. ಸೋಸಿದ ನೀರಿನ ಕೊಳವೆಗೆ ಗಟ್ಟಿ ಪಿವಿಸಿ ಬೇಡ, ಎಲ್ಬೋ ಬಿರುಕು ಬಿಡುತ್ತದೆ. ತಂತಿ ಸುತ್ತಿದ ಹೋಸ್ ಹಾಕಿಸಿ, ಇಲ್ಲದಿದ್ದರೆ ಸಕ್ಷನ್‌ಗೆ ಚಪ್ಪಟೆಯಾಗುತ್ತದೆ.

ಡೆಮೊ ಅಂಕಿಗಳನ್ನು ನೋಡುವಾಗ ನೀರಿನ ಉಷ್ಣತೆ ಕೇಳಿ. 20 ಡಿಗ್ರಿಯ ನೀರು 30 ಡಿಗ್ರಿಗೆ ಏರಿದರೆ ಸ್ನಿಗ್ಧತೆ ಇಳಿದು ಹರಿವು ಕಾಲು ಭಾಗದಷ್ಟು ತಾನಾಗಿಯೇ ಹೆಚ್ಚುತ್ತದೆ. ಡಿಸೆಂಬರಿನ ಲೆಕ್ಕವನ್ನು ಏಪ್ರಿಲ್ ಲೆಕ್ಕದ ಪಕ್ಕ ಇಟ್ಟು ಅಲ್ಲಾಟದ ಗುಣ ಎನ್ನುವುದು ಸರಿಯಲ್ಲ, ಅದರಲ್ಲೂ ಬಾಗಲಕೋಟೆ, ವಿಜಯಪುರದ ಬಿಸಿಲಿನಲ್ಲಿ.

ಜೈವಿಕ ಕೆಸರು, ಮಣ್ಣು ಮಿಶ್ರಿತ ನೀರು, ಯೀಸ್ಟ್ ಇರುವ ನೀರಿಗೆ ಇದನ್ನು ಧಾರಾಳವಾಗಿ ಕೊಳ್ಳಬಹುದು. ರಬಕವಿ-ಬನಹಟ್ಟಿಯ ನೂಲಿಗೆ ಬಣ್ಣ ಹಾಕುವ ಘಟಕಗಳಿಗೆ ಬೇಡ: ಕರಗಿದ ಬಣ್ಣ ಈ ರಂಧ್ರಗಳಲ್ಲಿ ದಾಟಿಯೇ ಹೋಗುತ್ತದೆ. ಮಷೀನ್ ಶಾಪ್‌ಗಳ ಹಳೆಯ ಕೂಲೆಂಟಿಗೂ (ಲೋಹ ಕತ್ತರಿಸುವಾಗ ತಂಪಿಗೆ ಬಿಡುವ ಎಣ್ಣೆ ಬೆರೆತ ದ್ರವ) ಯೋಚಿಸಿ ಹಾಕಿ. ರಂಧ್ರದೊಳಗೆ ಹಿಡಿದ ಎಣ್ಣೆ ಅಲ್ಲಾಟಕ್ಕೆ ಬಿಡುವುದಿಲ್ಲ. ಅದಕ್ಕೆ ಕಾಸ್ಟಿಕ್ (ಕ್ಷಾರದ) ತೊಳೆತವೇ ಬೇಕು, ಎಷ್ಟು ಪಿಎಚ್ ತಡೆಯುತ್ತದೆಂದು ಫೈಬರಿನ ಡೇಟಾ ಶೀಟ್ ನೋಡಿಯೇ ಮಾಡಿ.