ಸಿಗರೇಟಿನಿಂದ ಪಾಡ್‌ಗೆ: 20 ಎಂಜಿ ನಿಕೋಟಿನ್‌ನಿಂದ ಶುರುವಾದ ಎರಡು ವರ್ಷ

ವೇಪ್ (ನಿಕೋಟಿನ್ ಲಿಕ್ವಿಡ್ ಬಿಸಿ ಮಾಡಿ ಆವಿ ಎಳೆಯುವ ಇ-ಸಿಗರೇಟು) ಹಿಡಿದು ಮತ್ತೆ ಸಿಗರೇಟಿಗೆ ವಾಪಸ್ ಹೋದವರನ್ನು ನಾನು ಸಾಕಷ್ಟು ನೋಡಿದ್ದೇನೆ. ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ ಮಾತು, "ಅದರಲ್ಲಿ ಮಜಾನೇ ಇಲ್ಲ". ಲಿಕ್ವಿಡ್‌ನಲ್ಲಿ ಯಾವ ನಿಕೋಟಿನ್ ಸ್ಟ್ರೆಂತ್ ತಗೊಂಡಿದ್ರಿ ಅಂತ ಕೇಳಿದರೆ ಮೂರು ಎಂಜಿ, ಆರು ಎಂಜಿ ಅನ್ನುತ್ತಾರೆ. ದಿನಕ್ಕೆ ಒಂದು ಪ್ಯಾಕ್ ಸೇದುತ್ತಿದ್ದವರಿಗೆ ಅದು ಎಲ್ಲಿಗೆ ಸಾಲಬೇಕು?

ನಾನು ಬಳಸುತ್ತಿರುವುದು ಸಾಧಾರಣ ರೀಫಿಲ್ ಪಾಡ್ ಕಿಟ್. ಎರಡು ಎಂಎಲ್ ಲಿಕ್ವಿಡ್ ಹಿಡಿಯುವ ಪಾಡ್, ಒಳಗೇ ಕೂತಿರುವ ಬ್ಯಾಟರಿ, ಸಿಗರೇಟಿನಷ್ಟೇ ಬಿಗಿಯಾದ ಎಳೆತ. ಶುರು ಮಾಡಿದ್ದು 20 ಎಂಜಿ ನಿಕೋಟಿನ್ ಸಾಲ್ಟ್‌ನಲ್ಲಿ. ಎರಡು ವರ್ಷ ದಾಟಿದೆ, ಸಿಗರೇಟು ಮುಟ್ಟಿಲ್ಲ. ಯಾವ ಕಂಪನಿಯ ಮೆಷಿನ್ ಅನ್ನುವುದಕ್ಕಿಂತ ಎಷ್ಟು ನಿಕೋಟಿನ್‌ನಲ್ಲಿ ಶುರು ಮಾಡಿದೆ ಅನ್ನುವುದೇ ನನ್ನನ್ನು ಉಳಿಸಿದ್ದು. ಅದಕ್ಕೇ ಈ ವಿಮರ್ಶೆಯ ಜಾಸ್ತಿ ಭಾಗ ಆ ನಂಬರಿನ ಬಗ್ಗೆಯೇ ಇದೆ.

ಮೊದಲೇ ಒಂದು ಮಾತು. ಭಾರತದಲ್ಲಿ 2019ರ ಕಾಯ್ದೆ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವನ್ನೂ ನಿಷೇಧಿಸಿದೆ. ನಾನು ಬಳಸುತ್ತಿರುವುದು ಕಾನೂನು ಒಪ್ಪುವ ಕಡೆ. ನಿಷೇಧ ಇರುವ ಕಡೆ ಕದ್ದುಮುಚ್ಚಿ ಬರುವ ಮಾಲಿನ ಒಳಗೆ ಏನಿದೆ ಅಂತ ಯಾರೂ ಪರೀಕ್ಷೆ ಮಾಡಿರುವುದಿಲ್ಲ, ಅದರ ಲೇಬಲ್ ನಂಬಿ ಎದೆಯೊಳಗೆ ಎಳೆಯಬೇಡಿ. ಅಲ್ಲಿ ನಿಕೋಟಿನ್ ಗಮ್, ಪ್ಯಾಚ್ ಇವೆ. ಸ್ಟ್ರೆಂತ್ ಬಗ್ಗೆ ಇಲ್ಲಿ ಹೇಳುವುದರಲ್ಲಿ ಬಹಳಷ್ಟು ಅವಕ್ಕೂ ಹೊಂದುತ್ತದೆ.

ಈಗ ನಂಬರಿಗೆ ಬರೋಣ. ಸಿಗರೇಟು ಪ್ಯಾಕ್ ಮೇಲೆ ಎಷ್ಟೋ ವರ್ಷ 1 ಎಂಜಿ, 0.8 ಎಂಜಿ ಅಂತ ಓದಿದ ಕಣ್ಣಿಗೆ ಲಿಕ್ವಿಡ್ ಬಾಟಲಿ ಮೇಲೆ 20 ಎಂಜಿ ಅಂತ ಕಂಡರೆ ಎದೆ ಝಲ್ ಅನ್ನುತ್ತದೆ. ಇಪ್ಪತ್ತು ಪಟ್ಟು ಜಾಸ್ತಿಯಾ ಅಂತ. ಹಾಗಲ್ಲ. ಪ್ಯಾಕ್ ಮೇಲಿನ ಸಂಖ್ಯೆ ಒಂದು ಸಿಗರೇಟನ್ನು ಮೆಷಿನ್ ಸೇದಿದಾಗ ಹೊಗೆಯಲ್ಲಿ ಸಿಕ್ಕಿದ ನಿಕೋಟಿನ್. ಆ ಸಿಗರೇಟಿನ ತಂಬಾಕಿನೊಳಗೆ ಇರುವುದು ಸುಮಾರು 10 ಎಂಜಿಗೂ ಜಾಸ್ತಿ, ಅದರಲ್ಲಿ ಮೈಗೆ ಸೇರುವುದು ಒಂದು, ಒಂದೂವರೆ ಎಂಜಿ. ಬಾಟಲಿ ಮೇಲಿನ ಸಂಖ್ಯೆ ಮಾತ್ರ ಒಂದು ಎಂಎಲ್ ಲಿಕ್ವಿಡ್‌ನಲ್ಲಿ ಒಟ್ಟು ಎಷ್ಟು ನಿಕೋಟಿನ್ ಕರಗಿದೆ ಅನ್ನುವುದು. ಒಂದು ಎಂಎಲ್ ಖಾಲಿಯಾಗಲು ನೂರಾರು ಪಫ್ ಬೇಕು. ಎಳೆದದ್ದರಲ್ಲಿ ಒಂದು ಪಾಲು ಉಸಿರಿನ ಜತೆ ಹೊರಗೂ ಹೋಗುತ್ತದೆ. ಎರಡು ಬೇರೆ ಬೇರೆ ಅಳತೆಗಳನ್ನು ಪಕ್ಕಪಕ್ಕ ಇಟ್ಟು ಹೆದರುವುದರಲ್ಲಿ ಅರ್ಥವಿಲ್ಲ.

ಕೆಲವು ಬಾಟಲಿಗಳಲ್ಲಿ ಶೇಕಡ ಲೆಕ್ಕ ಇರುತ್ತದೆ. ಎರಡು ಪರ್ಸೆಂಟ್ ಅಂದರೆ ಒಂದು ಎಂಎಲ್‌ಗೆ ಸುಮಾರು 20 ಎಂಜಿ, ಐದು ಪರ್ಸೆಂಟ್ ಅಂದರೆ ಸುಮಾರು 50. "ಬರೀ ಐದು" ಅಂದುಕೊಂಡು ಐದು ಪರ್ಸೆಂಟ್ ಎತ್ತಿಕೊಂಡರೆ ಹತ್ತು ಪಟ್ಟಿನ ವ್ಯತ್ಯಾಸ ಆಗುತ್ತದೆ. ಯುರೋಪಿಯನ್ ಒಕ್ಕೂಟ ಮತ್ತು ಬ್ರಿಟನ್‌ನಲ್ಲಿ ಕಾನೂನಿನ ಮಿತಿ ಎಂಎಲ್‌ಗೆ 20 ಎಂಜಿ. ನನ್ನ ಅನುಭವದಲ್ಲಿ ಜಾಸ್ತಿ ಸೇದುತ್ತಿದ್ದವರಿಗೂ ಅಷ್ಟು ಸಾಕು.

ಯಾರಿಗೆ ಎಷ್ಟು ಬೇಕು? ದಿನಕ್ಕೆ ಎಷ್ಟು ಸಿಗರೇಟು ಅನ್ನುವುದನ್ನು ಮಾತ್ರ ಎಣಿಸಿ ನಿರ್ಧಾರ ಮಾಡಬೇಡಿ. ಬೆಳಗ್ಗೆ ಎದ್ದ ಮೇಲೆ ಮೊದಲ ಸಿಗರೇಟು ಎಷ್ಟು ಹೊತ್ತಿಗೆ ಅನ್ನುವುದನ್ನು ನೋಡಿ. ಚಟದ ಆಳ ಅಳೆಯಲು ವೈದ್ಯರು ಬಳಸುವ ಫಾಗರ್‌ಸ್ಟ್ರೋಮ್ ಪ್ರಶ್ನಾವಳಿಯಲ್ಲಿ ಜಾಸ್ತಿ ಅಂಕ ಸಿಗುವ ಪ್ರಶ್ನೆಗಳಲ್ಲಿ ಇದೂ ಒಂದು. ನಿಕೋಟಿನ್ ಗಮ್ ಕೂಡ ಇದೇ ಲೆಕ್ಕದ ಮೇಲೆ ನಡೆಯುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ 4 ಎಂಜಿ, ಆಮೇಲೆ ಸೇದುವವರಿಗೆ 2 ಎಂಜಿ. ನಾನು ಹಲ್ಲುಜ್ಜುವ ಮುಂಚೆಯೇ ಹಚ್ಚುತ್ತಿದ್ದವನು. ಹಾಗಾಗಿ 20ಕ್ಕಿಂತ ಕಡಿಮೆಯ ಬಗ್ಗೆ ಯೋಚಿಸಲೇ ಇಲ್ಲ.

ನಮ್ಮ ಭಾವ ನನ್ನ ಜತೆಯೇ ಶುರು ಮಾಡಿದರು. ನಿಕೋಟಿನ್ ಅಂದರೆ ವಿಷ, ಆದಷ್ಟು ಕಡಿಮೆ ಇರಲಿ ಅಂತ 3 ಎಂಜಿ ತಗೊಂಡರು. ಪಾಡ್ ಅವರ ಕೈ ಬಿಡುತ್ತಲೇ ಇರಲಿಲ್ಲ. ಟಿವಿ ನೋಡುವಾಗ, ಫೋನಲ್ಲಿ ಮಾತಾಡುವಾಗ, ನಡುರಾತ್ರಿ ಎದ್ದಾಗ, ಎಳೆದದ್ದೇ ಎಳೆದದ್ದು. ಪಾಡ್ ಬಿಸಿಯಾಗಿ ಕೈ ಸುಡುವ ಮಟ್ಟಕ್ಕೆ. ಅಷ್ಟಾದರೂ ಊಟ ಆದ ಮೇಲೆ ಒಂದು ಸಿಗರೇಟು ಬೇಕೇ ಬೇಕು. "ಭಾವ, ನಿಮಗೆ ಅದು ಸಾಲ್ತಿಲ್ಲ" ಅಂದೆ. "ಅಯ್ಯೋ, ಜಾಸ್ತಿ ಮಾಡಿದ್ರೆ ಇದಕ್ಕೇ ಅಂಟಿಕೊಂಡುಬಿಡ್ತೀನಿ ಕಣಯ್ಯ" ಅಂದರು. ಅಂಟಿಕೊಂಡದ್ದು ಆಗಲೇ ಆಗಿತ್ತು, ಸಿಗರೇಟಿನ ರೂಪದಲ್ಲಿ. ಕೊನೆಗೆ ಅಕ್ಕನ ಒತ್ತಾಯಕ್ಕೆ ಅವರು 18ಕ್ಕೆ ಬಂದರು. ಊಟದ ನಂತರದ ಸಿಗರೇಟು ಆ ವಾರವೇ ನಿಂತಿತು.

ಇದಕ್ಕೆ ಕಾರಣ ಸರಳ. ಮೈ ತನಗೆ ಬೇಕಾದಷ್ಟು ನಿಕೋಟಿನ್ ಕೇಳಿ ಪಡೆಯುತ್ತದೆ. ಲಿಕ್ವಿಡ್‌ನಲ್ಲಿ ಕಡಿಮೆ ಇದ್ದರೆ ಉದ್ದುದ್ದ ಎಳೆಯುತ್ತೇವೆ, ಪದೇ ಪದೇ ಎಳೆಯುತ್ತೇವೆ. ನಿಕೋಟಿನ್ ಅಂದುಕೊಂಡಷ್ಟು ಕಡಿಮೆ ಆಗುವುದಿಲ್ಲ, ಆವಿ ಮಾತ್ರ ಜಾಸ್ತಿ ಒಳಗೆ ಹೋಗುತ್ತದೆ. ಲಿಕ್ವಿಡ್ ತೀರಾ ಬಿಸಿಯಾದರೆ ಅದರ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಒಡೆದು ಫಾರ್ಮಾಲ್ಡಿಹೈಡ್‌ನಂಥ ಕೆಟ್ಟ ವಸ್ತುಗಳು ಹುಟ್ಟುತ್ತವೆ. ಅಂದರೆ ಸುರಕ್ಷಿತ ಅಂತ ಆರಿಸಿಕೊಂಡ ಕಡಿಮೆ ಸ್ಟ್ರೆಂತ್ ಬೇರೆ ದಾರಿಯಿಂದ ಕೆಡುಕು ತರಬಹುದು. ಸಿಗರೇಟಿನಲ್ಲಿ ಕ್ಯಾನ್ಸರ್, ಶ್ವಾಸಕೋಶದ ಕಾಯಿಲೆ ತರುವುದು ಮುಖ್ಯವಾಗಿ ತಂಬಾಕು ಉರಿದಾಗ ಬರುವ ಟಾರ್ ಮತ್ತು ಹೊಗೆಯ ವಿಷಗಳು. ನಿಕೋಟಿನ್ ಚಟ ಹಿಡಿಸುತ್ತದೆ, ಎದೆಬಡಿತ ಮತ್ತು ರಕ್ತದೊತ್ತಡ ಏರಿಸುತ್ತದೆ. ಅದು ನಿರಪಾಯಕಾರಿ ಅಲ್ಲ, ಆದರೆ ಸಿಗರೇಟಿನ ಮುಖ್ಯ ಕೊಲೆಗಾರ ಅದಲ್ಲ.

ಸಾಲ್ಟ್ ಯಾಕೆ ಅಂತ ಕೇಳುತ್ತಾರೆ. ಹಳೆಯ ಬಗೆಯ ಫ್ರೀಬೇಸ್ ನಿಕೋಟಿನ್ ಕ್ಷಾರ ಗುಣದ್ದು, 18ರ ಹತ್ತಿರ ಬಂದರೆ ಗಂಟಲಿಗೆ ಚುರುಕ್ ಅಂತ ಹೊಡೆಯುತ್ತದೆ. ಅದಕ್ಕೆ ಬೆಂಜಾಯಿಕ್ ಆಮ್ಲದಂಥದ್ದು ಸೇರಿಸಿದರೆ ಆ ಗುಣ ತಗ್ಗಿ ನುಣುಪಾಗುತ್ತದೆ, ಅದೇ ಸಾಲ್ಟ್. ಗಂಟಲಿಗೆ ಹೊಡೆತ ಬೇಕು ಅನ್ನುವವರು ಫ್ರೀಬೇಸ್ ಇಷ್ಟಪಡುತ್ತಾರೆ, ನಮ್ಮ ಭಾವನೂ ಹಾಗೆಯೇ. ನನಗೆ ಸಾಲ್ಟ್ ಹಿಡಿಸಿತು. ಆದರೆ ಈ ನುಣುಪೇ ಅಪಾಯ ಕೂಡ. ಎಂದೂ ಸೇದದ ಹುಡುಗನಿಗೂ ಕೆಮ್ಮು ಬರದೆ ಒಳಗೆ ಇಳಿಯುತ್ತದೆ, ಚಟ ಬೇಗ ಕಚ್ಚಿಕೊಳ್ಳುತ್ತದೆ.

ಇಲ್ಲೊಂದು ಎಚ್ಚರ. 20 ಎಂಜಿ ಇಂಥ ಬಿಗಿ ಎಳೆತದ, ಕಡಿಮೆ ವ್ಯಾಟಿನ ಪಾಡ್‌ಗೆ ಮಾತ್ರ. ಮೋಡದಂತೆ ಆವಿ ಬಿಡುವ, ನೇರ ಎದೆಗೆ ಎಳೆಯುವ ದೊಡ್ಡ ಮೆಷಿನ್‌ಗಳಲ್ಲಿ ಒಂದು ಪಫ್‌ಗೆ ಖರ್ಚಾಗುವ ಲಿಕ್ವಿಡ್ ಹಲವು ಪಟ್ಟು. ಅವಕ್ಕೆ 3 ಅಥವಾ 6 ಸರಿ. ಅದರೊಳಗೆ 20 ಹಾಕಿದರೆ ತಲೆ ಸುತ್ತಿ ಕೂತುಬಿಡುತ್ತೀರಿ.

ನಿಕೋಟಿನ್ ಜಾಸ್ತಿಯಾಯಿತು ಅಂತ ಮೈಯೇ ಹೇಳುತ್ತದೆ. ಹೊಟ್ಟೆ ತೊಳಸುವುದು, ತಲೆನೋವು, ತಲೆಸುತ್ತು, ಬೆವರು, ಬಿಕ್ಕಳಿಕೆ. ಪಾಡ್ ಕೆಳಗಿಟ್ಟು ನೀರು ಕುಡಿದು ಕೂತರೆ ಸಾಮಾನ್ಯವಾಗಿ ಸರಿಹೋಗುತ್ತದೆ, ಯಾಕೆಂದರೆ ರಕ್ತದಲ್ಲಿ ನಿಕೋಟಿನ್ ಸುಮಾರು ಎರಡು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ವಾಂತಿ ನಿಲ್ಲದಿದ್ದರೆ, ಎದೆಬಡಿತ ಏರುಪೇರಾದರೆ ಆಸ್ಪತ್ರೆಗೆ ಹೋಗಿ. ಸಾಲದಿದ್ದರೂ ಗೊತ್ತಾಗುತ್ತದೆ. ಸಿಡಿಮಿಡಿ, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು, ಸುಮ್ನೆ ಎದ್ದು ಓಡಾಡುವುದು. ಮೊದಲ ವಾರ ಇದು ಜೋರು, ಎರಡು ಮೂರು ವಾರದಲ್ಲಿ ತಣ್ಣಗಾಗುತ್ತದೆ.

ಯಾರೂ ಹೇಳದ ಒಂದು ವಿಷಯ ಇದೆ, ನನಗೆ ಅದನ್ನು ಹೇಳಿದ್ದು ನನ್ನ ಡಾಕ್ಟರು. ಸಿಗರೇಟಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಲಿವರಿನ ಒಂದು ಎನ್‌ಜೈಮನ್ನು ಚುರುಕಾಗಿಸುತ್ತವೆ. ಆ ಎನ್‌ಜೈಮ್ ಕೆಫೀನನ್ನು ಬೇಗ ಕರಗಿಸಿ ಹಾಕುತ್ತದೆ. ಈ ಕೆಲಸ ನಿಕೋಟಿನ್ನಿನದಲ್ಲ, ಹೊಗೆಯದು. ಹಾಗಾಗಿ ವೇಪ್‌ಗೆ ಬಂದರೂ ಎನ್‌ಜೈಮ್ ನಿಧಾನವಾಗುತ್ತದೆ, ಮೊದಲಿನಷ್ಟೇ ಕಾಫಿ ಕುಡಿದರೂ ಕೆಫೀನ್ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಕೈ ನಡುಕ, ನಿದ್ದೆ ಬಾರದಿರುವುದು, ಎದೆ ಡವಡವ. ಜನ ಇದನ್ನು ನಿಕೋಟಿನ್ ಜಾಸ್ತಿಯಾಯಿತು ಅಂದುಕೊಂಡು ಸ್ಟ್ರೆಂತ್ ಇಳಿಸುತ್ತಾರೆ, ಅಲ್ಲಿಂದ ಮತ್ತೆ ಸಿಗರೇಟು. ನಾನು ಕಾಫಿ ಅರ್ಧಕ್ಕಿಳಿಸಿದೆ, ನಡುಕ ಹೋಯಿತು. ಇದಕ್ಕಿಂತ ಗಂಭೀರವಾದದ್ದು ಔಷಧಿಗಳ ಮಾತು. ಕ್ಲೋಜಪಿನ್, ಓಲಾಂಜಪಿನ್, ಥಿಯೋಫಿಲಿನ್ ತಗೊಳ್ಳುವವರು ಸಿಗರೇಟು ನಿಲ್ಲಿಸುವ ಮುಂಚೆ ಡಾಕ್ಟರಿಗೆ ಹೇಳಲೇಬೇಕು. ಅದೇ ಡೋಸ್ ರಕ್ತದಲ್ಲಿ ಏರಿಬಿಡಬಹುದು.

ಸುರಕ್ಷತೆ ಅಂದಾಗ ಎಲ್ಲರೂ ಎತ್ತುವುದು 2019ರಲ್ಲಿ ಅಮೆರಿಕದಲ್ಲಿ ಆದ ಶ್ವಾಸಕೋಶದ ಅನಾಹುತ. ಆಸ್ಪತ್ರೆ ಸೇರಿದ ಮತ್ತು ಸತ್ತ ಪ್ರಕರಣ ಸೇರಿ 2,800ಕ್ಕೂ ಹೆಚ್ಚು ವರದಿಯಾದವು, 68 ಜನ ತೀರಿಕೊಂಡರು. ತನಿಖೆಯಲ್ಲಿ ಬಲವಾಗಿ ತಳುಕು ಹಾಕಿಕೊಂಡದ್ದು ಟಿಎಚ್‌ಸಿ (ಗಾಂಜಾದ ಅಮಲಿನ ಅಂಶ) ಕಾರ್ಟ್ರಿಜ್‌ಗಳಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆಯಂಥ ವಸ್ತು. ಅವುಗಳಲ್ಲಿ ಹೆಚ್ಚಿನವು ಅಂಗಡಿಯಿಂದ ಬಂದವಲ್ಲ, ಕೈಯಿಂದ ಕೈಗೆ ಬಂದವು. ಎಣ್ಣೆ ಅಂಶ ಇರುವ ಏನನ್ನೂ, ಮನೆಯಲ್ಲೇ ತಯಾರಿಸಿದ ಲಿಕ್ವಿಡನ್ನೂ ಪಾಡ್‌ಗೆ ಹಾಕಬೇಡಿ.

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲಿ ಹೇಳಿದ್ದು, ವೇಪಿನ ದೀರ್ಘಕಾಲದ ಹಾನಿ ಸಿಗರೇಟಿನ ಹಾನಿಯ ಶೇ. 5ನ್ನು ದಾಟುವ ಸಾಧ್ಯತೆ ಕಡಿಮೆ ಅಂತ. ಇದು ಅಂದಾಜು, ಹತ್ತಾರು ವರ್ಷ ಅಳೆದು ಬಂದ ಲೆಕ್ಕವಲ್ಲ. ಈಗಿನ ಬಗೆಯ ಮೆಷಿನ್ ಹುಟ್ಟಿದ್ದೇ 2003ರ ಸುಮಾರಿಗೆ. ಮತ್ತೆ ಆ ಅಂದಾಜು ಸಿಗರೇಟನ್ನು ಪೂರ್ತಿ ಬಿಟ್ಟವರಿಗೆ. ಅದೂ ಇದೂ ಎರಡೂ ಅನ್ನುವವರಿಗೆ ಲಾಭ ಅಷ್ಟಕ್ಕಷ್ಟೇ. ದಿನಕ್ಕೆ ಒಂದೇ ಸಿಗರೇಟು ಸೇದಿದರೂ, 20 ಸೇದುವವರ ಹೃದಯರೋಗದ ಹೆಚ್ಚುವರಿ ಅಪಾಯದಲ್ಲಿ ಸುಮಾರು ಅರ್ಧ ಉಳಿಯುತ್ತದೆ ಅಂತ 2018ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ ತೋರಿಸಿದೆ. ಕಡಿಮೆ ಸ್ಟ್ರೆಂತ್ ತಗೊಂಡು ಪಕ್ಕದಲ್ಲಿ "ಒಂದೇ ಒಂದು" ಸಿಗರೇಟು ಇಟ್ಟುಕೊಳ್ಳುವುದು ಅದಕ್ಕೇ ನನಗೆ ಸಂಕಟ ತರುತ್ತದೆ.

ಇನ್ನು ಮೆಷಿನ್. ಹೊಸ ಪಾಡ್ ತುಂಬುವಾಗ ಪಕ್ಕದ ರಬ್ಬರ್ ಮುಚ್ಚಳ ಎತ್ತಿ, ಬಾಟಲಿಯ ಮೂತಿ ಒಳಗಿಟ್ಟು, ನಿಧಾನ ಹಿಂಡಬೇಕು. ಗುಳ್ಳೆ ಮೇಲೆ ಬರುತ್ತಾ ಹತ್ತಿ ಒದ್ದೆಯಾಗುವುದು ಕಾಣುತ್ತದೆ. ಹತ್ತು ನಿಮಿಷ ಹಾಗೇ ಬಿಡಿ. ಅವಸರ ಮಾಡಿ ಎಳೆದರೆ ಒಣ ಹತ್ತಿ ಸುಟ್ಟು, ಗಂಟಲು ಕೆರೆಯುವ ಕಹಿ ಹೊಗೆ ಬರುತ್ತದೆ, ಆ ಪಾಡ್ ಅಲ್ಲಿಗೆ ಮುಗಿಯಿತು. ಸುಟ್ಟ ರುಚಿ ಬಂದ ಮೇಲೂ ಎಳೆಯುತ್ತಾ ಕೂರಬೇಡಿ. ಸಿಹಿ ಲಿಕ್ವಿಡ್‌ಗಳಲ್ಲಿ ಕಾಯ್ಲ್ (ಲಿಕ್ವಿಡ್ ಬಿಸಿ ಮಾಡುವ ತಂತಿ) ಬೇಗ ಕಪ್ಪಾಗುತ್ತದೆ. ತಂಬಾಕು, ಪುದೀನ ಬಗೆಯವು ಜಾಸ್ತಿ ಬಾಳುತ್ತವೆ. ನನ್ನ ಕಿಟ್‌ನ ನಿಜವಾದ ಕೊರತೆ ಸೋರಿಕೆ. ಜೇಬಿನಲ್ಲಿ ಅಡ್ಡ ಮಲಗಿದರೆ ಪಾಡ್ ಕೆಳಗೆ ಅಂಟಂಟು. ಆ ಲಿಕ್ವಿಡ್ ಚರ್ಮದಿಂದಲೂ ಮೈಗೆ ಇಳಿಯುತ್ತದೆ, ಕೈಗೆ ತಾಗಿದರೆ ತಕ್ಷಣ ಸೋಪು ಹಾಕಿ ತೊಳೆಯಬೇಕು.

ಮಕ್ಕಳಿರುವ ಮನೆಯಲ್ಲಿ ಬಾಟಲಿ ಬೀಗದೊಳಗೇ ಇರಲಿ. 10 ಎಂಎಲ್‌ನ 20 ಎಂಜಿ ಬಾಟಲಿಯಲ್ಲಿ 200 ಎಂಜಿ ನಿಕೋಟಿನ್ ಇರುತ್ತದೆ, ಹಣ್ಣಿನ ಪರಿಮಳ ಬೇರೆ. ಸ್ವಲ್ಪ ನುಂಗಿದರೂ ಪುಟ್ಟ ಮಗುವಿನ ಪ್ರಾಣಕ್ಕೆ ಅಪಾಯ. ನಾಯಿ, ಬೆಕ್ಕಿಗೂ ಅಷ್ಟೇ. ಬ್ಯಾಟರಿಯನ್ನು ದಿಂಬಿನ ಪಕ್ಕ ಚಾರ್ಜಿಗೆ ಹಾಕಿ ಮಲಗಬೇಡಿ.

ಸ್ಟ್ರೆಂತ್ ಇಳಿಸುವ ಬಗ್ಗೆ. ಸಿಗರೇಟಿನ ನೆನಪೇ ಬರದಷ್ಟು ತಿಂಗಳು ಕಳೆದ ಮೇಲೆ ನಾನು ಇಳಿಸಲು ಶುರು ಮಾಡಿದೆ. ಅಂಗಡಿಯಿಂದ ತಂದ 20 ಮತ್ತು 10ರ ಲಿಕ್ವಿಡ್ ಸಮಸಮ ಬೆರೆಸಿದರೆ 15 ಆಗುತ್ತದೆ. ಅದರಲ್ಲಿ ನೆಲೆಯಾದ ಮೇಲೆ 10. ನನ್ನ ಅಳತೆಗೋಲು ಲಿಕ್ವಿಡ್ ಖರ್ಚು. ಇಳಿಸಿದ ಮೇಲೆ ಬಾಟಲಿ ಬೇಗ ಖಾಲಿಯಾಗುತ್ತಿದೆ ಅಂದರೆ ಮೈ ಒಪ್ಪಿಲ್ಲ, ಒಂದು ಮೆಟ್ಟಿಲು ಮೇಲೆ ಹತ್ತಬೇಕು. ಈಗ 5ರಲ್ಲಿದ್ದೇನೆ, ಖರ್ಚು ಏರಿಲ್ಲ. 2019ರಲ್ಲಿ ಬ್ರಿಟನ್ನಿನಲ್ಲಿ 886 ಜನರ ಮೇಲೆ ನಡೆದ ಪ್ರಯೋಗದಲ್ಲಿ, ಒಂದು ವರ್ಷದ ಕೊನೆಗೆ ಸಿಗರೇಟು ಬಿಟ್ಟೇ ಇದ್ದವರು ವೇಪ್ ಗುಂಪಿನಲ್ಲಿ ಶೇ. 18, ಗಮ್-ಪ್ಯಾಚ್ ಗುಂಪಿನಲ್ಲಿ ಶೇ. 9.9. ಆದರೆ ಬಿಟ್ಟವರಲ್ಲಿ ವೇಪ್ ಇನ್ನೂ ಕೈಯಲ್ಲೇ ಇದ್ದವರು ಶೇ. 80. ಇದನ್ನು ತಿಳಿದೇ ಶುರು ಮಾಡಿ. ಇಳಿಯುವ ಕೆಲಸ ತಾನಾಗಿ ಆಗುವುದಿಲ್ಲ.

ಸೇದದವರು, ಮಕ್ಕಳು ಇದರ ಹತ್ತಿರವೂ ಹೋಗಬಾರದು. ಬಸುರಿಯರು, ಹೃದಯದ ಕಾಯಿಲೆ ಇರುವವರು ಡಾಕ್ಟರನ್ನು ಕೇಳಿಯೇ ಮುಂದುವರಿಯಲಿ. ಗಮ್, ಪ್ಯಾಚ್‌ನಲ್ಲೇ ಬಿಟ್ಟುಬಿಡಬಲ್ಲೆ ಅನ್ನುವವರಿಗೆ ಪಾಡ್ ಬೇಕಾಗಿಲ್ಲ. ಅವೆಲ್ಲ ಪ್ರಯತ್ನಿಸಿ ಸೋತು, ಇನ್ನೂ ಸಿಗರೇಟು ಹಚ್ಚುತ್ತಿರುವವರು ಕಾನೂನು ಒಪ್ಪುವ ಕಡೆ ಇದ್ದರೆ ಬಿಗಿ ಎಳೆತದ ಪಾಡ್ ತಗೊಳ್ಳಿ, ಎದ್ದ ತಕ್ಷಣ ಸೇದುವವರಾದರೆ 20 ಎಂಜಿಯಿಂದಲೇ ಶುರು ಮಾಡಿ. ಕಿಟ್‌ಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿತ ಸೋರಿಕೆಗೆ.